ನೀರೊಳಗೆ ನೇತಾಡುವ ಕಲ್ಲುಗಳು

ಮಕ್ಕಳೇ, ಕ್ರಿಕೆಟ್ ಆಡುವಾಗ ಚೆಂಡು ಪೊದೆಯೊಳಗೆ ಹೋಗಿ ಕಾಣೆಯಾದರೆ ನೀವು ಏನು ಮಾಡುತ್ತೀರಿ? ಕೋಲು ಹಿಡಿದು ಪೊದೆಯನ್ನೆಲ್ಲ ಜಾಲಾಡುತ್ತೀರಿ, ಅಲ್ಲವೇ? ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 1905-07ರ ಸುಮಾರಿಗೆ, ಬರ್ಮುಡಾ ಎಂಬ ದ್ವೀಪದಲ್ಲಿ ಕಾರ್ಲ್ ಗಿಬನ್ಸ್ ಮತ್ತು ಎಡ್ಗರ್ ಹಾಲಿಸ್ ಎಂಬ ಇಬ್ಬರು ಹುಡುಗರು ಹೀಗೆಯೇ ಕಳೆದ ಚೆಂಡನ್ನು ಹುಡುಕುತ್ತಿದ್ದರು. ಚೆಂಡು ಸಿಕ್ಕಿತೋ ಇಲ್ಲವೋ, ನೆಲದಲ್ಲಿ ಒಂದು ಬಿಲ ಮಾತ್ರ ಸಿಕ್ಕಿತು. ಬಿಲದ ಕೆಳಗೆ ಕತ್ತಲೆ. ಆ ಜಮೀನಿನ ಒಡೆಯರಾದ ವಿಲ್ಕಿನ್ಸನ್ ಎಂಬುವರು ತಮ್ಮ ಮಗನಿಗೆ ಹಗ್ಗ ಕಟ್ಟಿ, ಕೈಗೆ ಒಂದು ಸೈಕಲ್ ದೀಪ ಕೊಟ್ಟು ಒಳಗೆ ಇಳಿಸಿದರೆಂದು ಅಲ್ಲಿನವರು ಹೇಳುತ್ತಾರೆ. (ನೀವು ಯಾವ ಬಿಲಕ್ಕೂ, ಹಾಳು ಬಾವಿಗೂ ಹೀಗೆ ಇಳಿಯಬೇಡಿ. ಒಳಗೆ ಉಸಿರಾಡಲು ಯೋಗ್ಯವಲ್ಲದ ಗಾಳಿ ಇರಬಹುದು.) ಆ ಸಣ್ಣ ದೀಪದ ಬೆಳಕಿನಲ್ಲಿ ಹುಡುಗ ಕಂಡದ್ದು ಒಂದು ದೊಡ್ಡ ಗುಹೆ, ಚಾವಣಿಯ ತುಂಬ ಬಿಳಿಯ ಕಲ್ಲಿನ ಸೂಜಿಗಳು, ಕೆಳಗೆ ತಿಳಿನೀರಿನ ಕೊಳ.

ಆ ಗುಹೆಗೆ 'ಕ್ರಿಸ್ಟಲ್ ಕೇವ್', ಅಂದರೆ ಸ್ಫಟಿಕದ ಗುಹೆ ಎಂದು ಹೆಸರಾಯಿತು. ಇಂದು ಜನ ಟಿಕೆಟ್ ಕೊಂಡು, ಮೆಟ್ಟಿಲಿಳಿದು ಅದನ್ನು ನೋಡುತ್ತಾರೆ. ಬನ್ನಿ, ನಾವು ಟಿಕೆಟ್ ಇಲ್ಲದೆಯೇ ಒಳಗೆ ಹೋಗಿಬರೋಣ. ಅಲ್ಲಿ ಒಂದು ಒಗಟು ನಿಮಗಾಗಿ ಕಾದಿದೆ.

ಮರಳಿನಿಂದಾದ ದ್ವೀಪ

ಮೊದಲು ಭೂಪಟ ತೆಗೆದುಕೊಳ್ಳಿ. ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವ ಕರಾವಳಿಯಿಂದ ಅಟ್ಲಾಂಟಿಕ್ ಸಾಗರದೊಳಗೆ ಸುಮಾರು 1000 ಕಿ.ಮೀ. ಹೋಗಿ. ಅಲ್ಲಿ ಒಂದು ಚುಕ್ಕೆ ಕಂಡರೆ ಅದೇ ಬರ್ಮುಡಾ. ಅದು ಒಂದೇ ದ್ವೀಪವಲ್ಲ, ಚಿಕ್ಕ ದೊಡ್ಡ ದ್ವೀಪಗಳ ಗುಂಪು. ಎಲ್ಲವನ್ನೂ ಸೇರಿಸಿದರೂ ವಿಸ್ತೀರ್ಣ ಸುಮಾರು 53 ಚದರ ಕಿ.ಮೀ. ಮಾತ್ರ. ಏಳು ಕಿ.ಮೀ. ಉದ್ದ, ಏಳೂವರೆ ಕಿ.ಮೀ. ಅಗಲದ ಜಾಗವನ್ನು ಊಹಿಸಿಕೊಳ್ಳಿ, ಅಷ್ಟೇ. ಕರ್ಕಾಟಕ ಸಂಕ್ರಾಂತಿ ವೃತ್ತ 23½ ಡಿಗ್ರಿ ಅಕ್ಷಾಂಶದಲ್ಲಿದೆ. ಬರ್ಮುಡಾ ಇರುವುದು ಅದಕ್ಕೂ ಉತ್ತರಕ್ಕೆ, 32 ಡಿಗ್ರಿಯಲ್ಲಿ. ಆದ್ದರಿಂದ ಅದನ್ನು ಉಪೋಷ್ಣವಲಯದ ದ್ವೀಪ ಎನ್ನುತ್ತಾರೆ. ಗಲ್ಫ್ ಉಷ್ಣ ಪ್ರವಾಹವು ಸಮೀಪದಲ್ಲೇ ಹರಿಯುವುದರಿಂದ ಅಲ್ಲಿ ಚಳಿಗಾಲದಲ್ಲೂ ಕೊರೆಯುವ ಚಳಿ ಇರುವುದಿಲ್ಲ. ಬೆಚ್ಚಗಿನ ಸಮುದ್ರದಲ್ಲಿ ಹವಳಗಳೂ ಬೆಳೆಯುತ್ತವೆ.

ದ್ವೀಪದ ತಳದಲ್ಲಿರುವುದು ಒಂದು ಹಳೆಯ ಜ್ವಾಲಾಮುಖಿ. ಅದು ಸಾಗರದ ತಳದಿಂದ ಸುಮಾರು ನಾಲ್ಕು ಕಿ.ಮೀ. ಎತ್ತರ ಎದ್ದು ನಿಂತಿದೆ. ಅದು ಬೆಂಕಿ ಉಗುಳುವುದನ್ನು ನಿಲ್ಲಿಸಿ ಕೋಟ್ಯಂತರ ವರ್ಷಗಳಾದವು. ಆದರೆ ನೀವು ಬರ್ಮುಡಾದ ನೆಲದ ಮೇಲೆ ಎಲ್ಲಿ ಅಡ್ಡಾಡಿದರೂ ಜ್ವಾಲಾಮುಖಿಯ ಕಪ್ಪು ಕಲ್ಲು ಕಾಣುವುದಿಲ್ಲ. ಅದರ ಮೇಲೆ ಸುಣ್ಣಕಲ್ಲಿನ ದಪ್ಪ ಹೊದಿಕೆ ಇದೆ. ಈ ಸುಣ್ಣಕಲ್ಲು ಬಂದದ್ದು ಎಲ್ಲಿಂದ? ಚಿಪ್ಪು, ಹವಳ ಮತ್ತು ಸುಣ್ಣದ ಕವಚವಿರುವ ಪಾಚಿಗಳ ಚೂರುಗಳು ಅಲೆಗಳ ಹೊಡೆತಕ್ಕೆ ಪುಡಿಯಾಗಿ ಮರಳಾದವು. ಗಾಳಿ ಆ ಮರಳನ್ನು ದಡದ ಮೇಲೆ ದಿಬ್ಬ ದಿಬ್ಬವಾಗಿ ಪೇರಿಸಿತು. ಮಳೆನೀರು ಮರಳಿನ ಸುಣ್ಣವನ್ನು ಒಂದಿಷ್ಟು ಕರಗಿಸಿ, ಕಣಕಣಗಳ ನಡುವೆ ಮತ್ತೆ ಗಟ್ಟಿಯಾಗಿಸಿ, ಗಾರೆಯಂತೆ ಬೆಸೆಯಿತು. ಹೀಗೆ ಮರಳ ದಿಬ್ಬಗಳೇ ಕಲ್ಲಾದವು. ಅಂದರೆ ಬರ್ಮುಡಾದ ಗುಡ್ಡಗಳು ಸತ್ತ ಸಮುದ್ರಜೀವಿಗಳ ಮನೆಗಳಿಂದ ಕಟ್ಟಿದ ಗುಡ್ಡಗಳು!

ಈ ಕಲ್ಲು ಎಷ್ಟು ಮೆದು ಎಂದರೆ ಜನ ಅದನ್ನು ಗರಗಸದಿಂದ ಕೊಯ್ದು ಮನೆ ಕಟ್ಟಿದರು. ಎಷ್ಟು ತೂತು ತೂತಾಗಿದೆ ಎಂದರೆ ಬಿದ್ದ ಮಳೆಯೆಲ್ಲ ಒಳಗೆ ಇಂಗಿಹೋಗುತ್ತದೆ. ಹಾಗಾಗಿ ಬರ್ಮುಡಾದಲ್ಲಿ ಒಂದೂ ನದಿ ಇಲ್ಲ. ಕುಡಿಯುವ ನೀರಿಗೆ ಅಲ್ಲಿನವರು ಒಳ್ಳೆಯ ಉಪಾಯ ಮಾಡಿದ್ದಾರೆ. ಮನೆಯ ಚಾವಣಿಯನ್ನು ಸುಣ್ಣಕಲ್ಲಿನ ಹಾಸುಗಳಿಂದ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ, ಬೆಳ್ಳಗೆ ಬಳಿದು, ಅಲ್ಲಿ ಬಿದ್ದ ಮಳೆನೀರನ್ನು ಮನೆಯ ಅಡಿಯ ತೊಟ್ಟಿಗೆ ಇಳಿಸುತ್ತಾರೆ. ನಿಮ್ಮ ಶಾಲೆಯಲ್ಲಿಯೂ ಮಳೆನೀರಿನ ತೊಟ್ಟಿ ಇದ್ದರೆ ಈ ಉಪಾಯ ನಿಮಗೆ ಹೊಸದಲ್ಲ.

ಚಾವಣಿಗೆ ಬಿದ್ದ ಮಳೆ ತೊಟ್ಟಿಗೆ ಹೋಯಿತು. ನೆಲಕ್ಕೆ ಬಿದ್ದ ಮಳೆ? ಅದೇ ಗುಹೆಯನ್ನು ಕೊರೆದದ್ದು.

ಮಾಡಿ ನೋಡಿ

ನೀರು ಕಲ್ಲನ್ನು ಕರಗಿಸುತ್ತದೆ ಎಂದರೆ ನಂಬುವುದು ಕಷ್ಟ. ಆದ್ದರಿಂದ ತರಗತಿಯಲ್ಲೇ ಪರೀಕ್ಷಿಸಿ. ಎಲೆ ಅಡಿಕೆಗೆ ಹಾಕುವ ಸುಣ್ಣವನ್ನು ಅರ್ಧ ಚಮಚದಷ್ಟು ಒಂದು ಬಾಟಲಿ ನೀರಿಗೆ ಹಾಕಿ, ಅಲುಗಾಡಿಸಿ, ಒಂದು ರಾತ್ರಿ ಬಿಡಿ. ಮರುದಿನ ಮೇಲಿನ ತಿಳಿಯನ್ನು ಮಾತ್ರ ಮೆಲ್ಲಗೆ ಬಗ್ಗಿಸಿಕೊಳ್ಳಿ. ಇದೇ ಸುಣ್ಣದ ತಿಳಿನೀರು. ಅದಕ್ಕೆ ಅಷ್ಟೇ ನೀರು ಬೆರೆಸಿ, ಒಂದು ಗಾಜಿನ ಲೋಟಕ್ಕೆ ಸ್ವಲ್ಪ ಹಾಕಿಕೊಂಡು, ಎಳನೀರು ಕುಡಿಯುವ ಸ್ಟ್ರಾದಿಂದ ಒಳಗೆ ಊದಿ. ಎಚ್ಚರಿಕೆ: ಊದಬೇಕು, ಹೀರಬಾರದು. ಸುಣ್ಣ ಕಣ್ಣಿಗೆ ಸಿಡಿದರೆ ಅಪಾಯ, ಮುಖ ದೂರವಿರಲಿ. ಶಿಕ್ಷಕರು ಹತ್ತಿರದಲ್ಲೇ ಇರಲಿ.

ಸ್ವಲ್ಪ ಹೊತ್ತಿನಲ್ಲಿ ತಿಳಿನೀರು ಹಾಲಿನಂತಾಗುತ್ತದೆ. ನಿಮ್ಮ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದೊಡನೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಯಿತು. ಇದೇ ಸುಣ್ಣಕಲ್ಲು, ಪುಡಿಯ ರೂಪದಲ್ಲಿ. ಹೆಚ್ಚಿನವರು ಪ್ರಯೋಗವನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಿಜವಾದ ಸ್ವಾರಸ್ಯ ಇರುವುದು ಇದರ ನಂತರ. ಸರದಿಯ ಮೇಲೆ, ನಿಮ್ಮ ನಿಮ್ಮದೇ ಸ್ಟ್ರಾ ಹಿಡಿದು, ಬೇಸರಿಸದೆ ಊದುತ್ತಲೇ ಇರಿ. ಹಾಲಿನ ಬಣ್ಣ ತೆಳುವಾಗುತ್ತ ಬರುತ್ತದೆ! ಹೆಚ್ಚಾದ ಇಂಗಾಲದ ಡೈಆಕ್ಸೈಡ್ ನೀರಿನೊಂದಿಗೆ ಸೇರಿ ಕಾರ್ಬೊನಿಕ್ ಆಮ್ಲ ಎಂಬ ದುರ್ಬಲ ಆಮ್ಲವಾಯಿತು. ಅದು ಬಿಳಿಪುಡಿಯನ್ನು ಕರಗಿಸಿತು. ನಿಮ್ಮ ಲೋಟದಲ್ಲಿ ಈಗ ಕಲ್ಲು ಕಣ್ಣಿಗೆ ಕಾಣದಂತೆ ನೀರಿನಲ್ಲಿ ಅಡಗಿದೆ. ಈ ನೀರನ್ನು ಶಿಕ್ಷಕರು ಕುದಿಸಿದರೆ ಅನಿಲ ಹೊರಹೋಗಿ ಬಿಳುಪು ಮತ್ತೆ ಕಾಣಿಸಿಕೊಳ್ಳುತ್ತದೆ. ಕೊಳವೆಬಾವಿ ನೀರು ಕಾಯಿಸುವ ಹಂಡೆಯ ಒಳಗೆ ಬಿಳಿಯ ಹೆಕ್ಕಳ ಕಟ್ಟುವುದನ್ನು ಮನೆಯಲ್ಲಿ ನೋಡಿದ್ದೀರಲ್ಲ, ಅದೂ ಇದೇ.

ಕರಗುವುದು, ಮತ್ತೆ ಕಲ್ಲಾಗುವುದು: ಸುಣ್ಣಕಲ್ಲಿನ ಗುಹೆಯ ಕಥೆಯೆಲ್ಲ ಈ ಎರಡು ಹೆಜ್ಜೆಗಳಲ್ಲಿದೆ. ಮಳೆಹನಿ ಗಾಳಿಯಿಂದ ಸ್ವಲ್ಪ ಇಂಗಾಲದ ಡೈಆಕ್ಸೈಡ್ ಹೀರಿಕೊಳ್ಳುತ್ತದೆ. ಮಣ್ಣಿನಲ್ಲಿ ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಅಲ್ಲಿ ಆ ಅನಿಲ ಇನ್ನೂ ಹೆಚ್ಚು. ಹೀಗೆ ಹುಳಿಯಾದ ನೀರು ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ಕರಗಿಸಿ ನೆಲದಡಿಯಲ್ಲಿ ಪೊಳ್ಳು ಮಾಡುತ್ತದೆ. ಬರ್ಮುಡಾದಲ್ಲಿ ಇಂಥ ಗುಹೆಗಳು ನೂರೈವತ್ತಕ್ಕೂ ಹೆಚ್ಚು.

ಮೆಟ್ಟಿಲಿಳಿಯೋಣ

ಈಗ ಒಳಗೆ ಬನ್ನಿ. ಮೆಟ್ಟಿಲು ಇಳಿದಂತೆ ಹೊರಗಿನ ಬಿಸಿಲು ಹಿಂದೆ ಉಳಿಯುತ್ತದೆ. ಗಾಳಿ ತೇವವಾಗಿ ಮೈಗಂಟುತ್ತದೆ. ಟಪ್, ಟಪ್ ಎಂದು ಹನಿ ಬೀಳುವ ಸದ್ದು. ತಲೆ ಎತ್ತಿ ನೋಡಿ. ಚಾವಣಿಯಿಂದ ಸಾವಿರಾರು ಕಲ್ಲಿನ ಕಡ್ಡಿಗಳು ಕೆಳಮುಖವಾಗಿ ನೇತಾಡುತ್ತಿವೆ. ಇವೇ ಸ್ಟಾಲಕ್ಟೈಟ್‌ಗಳು. ನೆಲದಿಂದ ಮೇಲಕ್ಕೆ ಬೆಳೆದವು ಸ್ಟಾಲಗ್ಮೈಟ್‌ಗಳು. ಎರಡೂ ಕೂಡಿಕೊಂಡರೆ ಕಂಬ.

ಒಂದು ತೆಳು ಕಡ್ಡಿಯನ್ನು ಗಮನಿಸಿ. ಅದು ಸ್ಟ್ರಾದಂತೆ ಒಳಗೆ ಟೊಳ್ಳು. ತುದಿಯಲ್ಲಿ ಒಂದು ಹನಿ ತೂಗುತ್ತಿದೆ. ಗೋಲಿ ಸೋಡಾದ ಗೋಲಿಯನ್ನು ಒತ್ತಿದೊಡನೆ ಅನಿಲ 'ಚುಸ್' ಎಂದು ಹೊರಗೆ ನುಗ್ಗುವುದಿಲ್ಲವೇ? ಇಲ್ಲಿಯೂ ಹಾಗೆಯೇ, ಆದರೆ ಸದ್ದಿಲ್ಲದೆ. ಮಣ್ಣಿನಲ್ಲಿ ಸಿಕ್ಕಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಗುಹೆಯ ಗಾಳಿಗೆ ಬಂದೊಡನೆ ಹನಿಯಿಂದ ಹೊರಬೀಳುತ್ತದೆ. ಆಗ ನೀರಿಗೆ ಅಷ್ಟು ಕಲ್ಲನ್ನು ಹೊತ್ತುಕೊಳ್ಳುವ ಶಕ್ತಿ ಇರುವುದಿಲ್ಲ. ಹನಿಯ ಅಂಚಿನಲ್ಲಿ ಬಳೆಯಂತೆ ಒಂದು ತೀರ ತೆಳುವಾದ ಕಲ್ಲಿನ ಪದರ ಕೂರುತ್ತದೆ. ಹನಿ ಬೀಳುತ್ತದೆ, ಮತ್ತೊಂದು ಬರುತ್ತದೆ. ಮತ್ತೊಂದು ಬಳೆ.

ಎಷ್ಟು ವೇಗವಾಗಿ ಬೆಳೆಯುತ್ತದೆ? ಗುಹೆಯಿಂದ ಗುಹೆಗೆ ವ್ಯತ್ಯಾಸವಿದೆ. ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಅಂದರೆ ನೂರು ವರ್ಷಕ್ಕೆ ಒಂದು ಸೆಂಟಿಮೀಟರ್ ಎಂದು ಇಟ್ಟುಕೊಳ್ಳಬಹುದು. ನಿಮ್ಮ ಹೊಸ ಪೆನ್ಸಿಲ್ ಅಳೆಯಿರಿ. ಸುಮಾರು ಹದಿನೇಳೂವರೆ ಸೆಂಟಿಮೀಟರ್ ಇರುತ್ತದೆ. ಅಷ್ಟುದ್ದದ ಕಡ್ಡಿ ಬೆಳೆಯಲು 1750 ವರ್ಷ ಬೇಕು. ಮಯೂರಶರ್ಮ ಬನವಾಸಿಯಲ್ಲಿ ಕದಂಬ ರಾಜ್ಯ ಕಟ್ಟುವುದಕ್ಕೂ ಮೊದಲೇ ಅದರ ಮೊದಲ ಹನಿ ಬಿದ್ದಿರಬೇಕು! ಅದನ್ನು ಮುರಿಯಲು ಮಾತ್ರ ಒಂದು ಕ್ಷಣ ಸಾಕು.

ಕೊಳದ ಒಗಟು

ಮೆಟ್ಟಿಲು ಮುಗಿದಲ್ಲಿ ಕೊಳ. ಅದರ ಮೇಲೆ ತೇಲುವ ಸೇತುವೆ. ಸೇತುವೆಯನ್ನು ತೇಲುವಂತೆ ಏಕೆ ಮಾಡಿದ್ದಾರೆ ಗೊತ್ತೇ? ಕೊಳದ ನೀರು ದಿನವೂ ಏರಿಳಿಯುತ್ತದೆ. ಹೊರಗಿನ ಸಮುದ್ರದ ಉಬ್ಬರ ಇಳಿತಗಳು ಕಲ್ಲಿನ ಸಂದುಗಳ ಮೂಲಕ ಇಲ್ಲಿಯವರೆಗೆ ತಲುಪುತ್ತವೆ. ಅಂದರೆ ಇದು ಕೆರೆಯ ಸಿಹಿನೀರಲ್ಲ, ಗುಡ್ಡದ ಹೊಟ್ಟೆಯೊಳಗಿನ ಸಮುದ್ರ.

ಇದರ ಹೆಸರು 'ಕಹೌ ಕೊಳ'. ಕಹೌ ಬರ್ಮುಡಾದ ಒಂದು ಕಡಲಹಕ್ಕಿ. ಅದು ಅಳಿದೇ ಹೋಯಿತೆಂದು ಮುನ್ನೂರಕ್ಕೂ ಹೆಚ್ಚು ವರ್ಷ ಜನ ನಂಬಿದ್ದರು. 1951ರಲ್ಲಿ ಕೆಲವು ಜೋಡಿಗಳು ಜೀವಂತ ಸಿಕ್ಕಿದವು. ಇದರ ಹಳೆಯ ಮೂಳೆಗಳು ಬರ್ಮುಡಾದ ಗುಹೆಗಳಲ್ಲಿ ದೊರೆತಿವೆ. ಹಕ್ಕಿಯ ಕಥೆಯನ್ನು ಮತ್ತೊಮ್ಮೆ ಹೇಳಬೇಕು, ಈಗ ಕೊಳಕ್ಕೆ ಹಿಂದಿರುಗೋಣ.

ಕೊಳದ ಆಳ ಸುಮಾರು 17 ಮೀಟರ್. ಐದಾರು ಅಂತಸ್ತಿನ ಕಟ್ಟಡವೇ ಮುಳುಗುವಷ್ಟು. ಆದರೂ ನೀರು ಎಷ್ಟು ತಿಳಿಯೆಂದರೆ ತಳ ಕೈಗೆಟಕುವಂತೆ ಕಾಣುತ್ತದೆ. ಬಗ್ಗಿ ನೋಡಿ. ನೀರಿನೊಳಗೂ ಸ್ಟಾಲಕ್ಟೈಟ್‌ಗಳು! ಕೆಳಗೆ ಸ್ಟಾಲಗ್ಮೈಟ್‌ಗಳು! ಚಾವಣಿಯ ಪ್ರತಿಬಿಂಬವಲ್ಲ, ನಿಜವಾದ ಕಲ್ಲುಗಳೇ.

ಇದೇ ಒಗಟು. ಸ್ಟಾಲಕ್ಟೈಟ್ ಬೆಳೆಯಲು ಹನಿ ತೂಗಬೇಕು, ಗಾಳಿ ಬೇಕು. ನಲ್ಲಿಯ ಬಾಯಿಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿದರೆ ಹನಿ ತೊಟ್ಟಿಕ್ಕುವುದು ಸಾಧ್ಯವೇ? ಹಾಗಾದರೆ ಸಮುದ್ರದ ನೀರೊಳಗೆ ಇವು ಬೆಳೆದದ್ದು ಹೇಗೆ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ನಿಮ್ಮ ಉತ್ತರ 'ಅವು ಬೆಳೆಯುವಾಗ ಅಲ್ಲಿ ನೀರೇ ಇರಲಿಲ್ಲ' ಎಂದಾಗಿದ್ದರೆ, ಭೇಷ್! ವಿಜ್ಞಾನಿಗಳೂ ಹಾಗೆಯೇ ಹೇಳಿದರು. ಆದರೆ ಇಲ್ಲಿ ಎರಡು ಸಾಧ್ಯತೆಗಳಿವೆ. ಸಮುದ್ರ ಕೆಳಗಿದ್ದು ಆಮೇಲೆ ಏರಿರಬಹುದು. ಇಲ್ಲವೇ ದ್ವೀಪವೇ ಮೇಲಿದ್ದು ಆಮೇಲೆ ಕುಸಿದಿರಬಹುದು. ಯಾವುದು ಸರಿ? ಒಂದೇ ದ್ವೀಪವನ್ನು ನೋಡಿ ಹೇಳುವುದು ಕಷ್ಟ. ಆದರೆ ಬಹು ದೂರದ ಮಧ್ಯ ಅಮೆರಿಕದ ಬೆಲೀಜ್ ದೇಶದ ಬಳಿ ಸಮುದ್ರದಲ್ಲಿ 'ಗ್ರೇಟ್ ಬ್ಲೂ ಹೋಲ್' ಎಂಬ ದೊಡ್ಡ ಗುಂಡಿಯಿದೆ. ಅದರೊಳಗೆ ಸುಮಾರು 40 ಮೀಟರ್ ಆಳದಲ್ಲಿಯೂ ಸ್ಟಾಲಕ್ಟೈಟ್‌ಗಳು ನೇತಾಡುತ್ತಿವೆ. ಬಹಾಮಾ ದ್ವೀಪಗಳಲ್ಲಿಯೂ, ಮೆಕ್ಸಿಕೋದ ಯುಕಟಾನ್‌ನಲ್ಲಿಯೂ ಇಂಥವು ಇವೆ. ಇಷ್ಟೆಲ್ಲ ಕಡೆ ನೆಲ ಒಟ್ಟಿಗೇ ಕುಸಿಯಿತು ಎನ್ನುವುದಕ್ಕಿಂತ ಸಮುದ್ರ ಏರಿತು ಎನ್ನುವುದೇ ಸರಿಯಾಗಿ ಹೊಂದುತ್ತದೆ.

ಸಮುದ್ರದ ನೀರು ಎಲ್ಲಿಗೆ ಹೋಗಿತ್ತು? ಸುಮಾರು 20,000 ವರ್ಷಗಳ ಹಿಂದೆ ಹಿಮಯುಗ. ಸಮುದ್ರದಿಂದ ಆವಿಯಾದ ನೀರು ಉತ್ತರ ಅಮೆರಿಕ ಮತ್ತು ಯೂರೋಪಿನ ಉತ್ತರ ಭಾಗಗಳಲ್ಲಿ ಹಿಮವಾಗಿ ಬಿದ್ದು, ಕರಗದೆ, ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆಯಾಗಿ ನೆಲದ ಮೇಲೆಯೇ ಉಳಿಯಿತು. ಸಮುದ್ರಕ್ಕೆ ಅದು ಹಿಂದಿರುಗಲಿಲ್ಲ. ಆಗ ಜಗತ್ತಿನ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಬರ್ಮುಡಾ ಇಂದಿನ ಹತ್ತು ಪಟ್ಟಿಗೂ ದೊಡ್ಡದಾಗಿತ್ತು. ಗುಹೆಗಳು ಒಣಗಿದವು. ನೀರಿನ ಆಸರೆ ತಪ್ಪಿದ ಚಾವಣಿಗಳು ಅಲ್ಲಲ್ಲಿ ಕುಸಿದು ದೊಡ್ಡ ಕೋಣೆಗಳಾದವು. ಒಣಗಿದ ಕೋಣೆಗಳಲ್ಲಿ ಹನಿಗಳು ಕಲ್ಲು ಕಟ್ಟತೊಡಗಿದವು. ಹಿಮಯುಗ ಮುಗಿದು ಮಂಜು ಕರಗಿದಾಗ ಸಮುದ್ರ ಸಂದುಗೊಂದುಗಳಲ್ಲಿ ಮೆಲ್ಲಗೆ ನುಗ್ಗಿ ಅವನ್ನು ಮುಳುಗಿಸಿತು. ಹಿಮಯುಗ ಒಂದೇ ಅಲ್ಲ, ಅನೇಕ ಸಲ ಬಂದುಹೋಗಿದೆ. ಗುಹೆಯೂ ಅನೇಕ ಸಲ ಒಣಗಿ, ತುಂಬಿ, ಒಣಗಿದೆ.

ಮುಳುಗಿದ ಕಲ್ಲುಗಳ ವಯಸ್ಸನ್ನೂ ವಿಜ್ಞಾನಿಗಳು ಅಳೆದಿದ್ದಾರೆ. ನೀರಿನಲ್ಲಿ ತೀರ ಅಲ್ಪ ಪ್ರಮಾಣದಲ್ಲಿ ಯುರೇನಿಯಂ ಕರಗಿರುತ್ತದೆ. ಥೋರಿಯಂ ಹಾಗೆ ಕರಗುವುದಿಲ್ಲ. ಆದ್ದರಿಂದ ಹೊಸದಾಗಿ ಕಟ್ಟಿದ ಕಲ್ಲಿನಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ ಇರುವುದಿಲ್ಲವೆಂದೇ ಹೇಳಬಹುದು. ಕಾಲ ಕಳೆದಂತೆ ಯುರೇನಿಯಂ ನಿಶ್ಚಿತ ವೇಗದಲ್ಲಿ ಥೋರಿಯಂ ಆಗಿ ಬದಲಾಗುತ್ತದೆ. ಕಲ್ಲಿನಲ್ಲಿ ಥೋರಿಯಂ ಎಷ್ಟಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. 1970 ಮತ್ತು 1980ರ ದಶಕಗಳಲ್ಲಿ ಬರ್ಮುಡಾದ ಗುಹೆಗಳ ಕಲ್ಲುಗಳನ್ನು ಹೀಗೆ ಪರೀಕ್ಷಿಸಿ, ಸಮುದ್ರ ಯಾವಾಗ ಎಷ್ಟು ಎತ್ತರದಲ್ಲಿತ್ತು ಎಂಬ ಲೆಕ್ಕ ಹಾಕಿದರು.

ಕತ್ತಲೆಯ ಪ್ರಜೆಗಳು

ಕೊಳ ಬರಿದಾಗಿ ಕಾಣುತ್ತದೆ. ಮೀನು ಇಲ್ಲ, ಹಸಿರು ಇಲ್ಲ. ಆದರೆ ಬರ್ಮುಡಾದ ಗುಹೆಗಳ ನೀರಿನಲ್ಲಿ ಜಗತ್ತಿನ ಬೇರೆಲ್ಲಿಯೂ ಇಲ್ಲದ ಸಣ್ಣ ಸಣ್ಣ ಜೀವಿಗಳಿವೆ. ಹೆಚ್ಚಿನವು ಸೀಗಡಿ, ಏಡಿಗಳ ಬಂಧುಗಳು. ಅವುಗಳಲ್ಲಿ ಒಂದರ ಹೆಸರು ಮಿಕ್ಟೊಕ್ಯಾರಿಸ್. ಉದ್ದ ಸುಮಾರು ಮೂರು ಮಿಲಿಮೀಟರ್, ಒಂದು ರಾಗಿ ಕಾಳಿಗಿಂತ ಉದ್ದ. ಮೈಗೆ ಬಣ್ಣವಿಲ್ಲ. ಕಣ್ಣಿನ ಜಾಗದಲ್ಲಿ ಗುರುತು ಮಾತ್ರ ಇದೆ, ನೋಟವಿಲ್ಲ. ಕತ್ತಲೆಯಲ್ಲಿ ಕಣ್ಣಿನಿಂದ ಏನು ಪ್ರಯೋಜನ? 1985ರಲ್ಲಿ ವಿಜ್ಞಾನಿಗಳು ಇದನ್ನು ವಿವರಿಸಿದಾಗ, ಗೊತ್ತಿದ್ದ ಯಾವ ಗಣಕ್ಕೂ ಇದು ಸೇರದೆ ಒಂದು ಹೊಸ ಗಣವನ್ನೇ ಮಾಡಬೇಕಾಯಿತು.

ಈ ಜೀವಿಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಗೆಗಳು ಅಳಿವಿನ ಅಂಚಿನಲ್ಲಿರುವವುಗಳ ಪಟ್ಟಿಯಲ್ಲಿವೆ. ಅವುಗಳ ಕೆಲವು ಗುಹೆಗಳು ಕಲ್ಲು ಗಣಿಗೆ ಬಲಿಯಾಗಿ ಇಲ್ಲವಾದವು. ಇನ್ನು ಕೆಲವು ಕಡೆ ಹೊಲಸು ನೀರು ನೆಲದೊಳಗೆ ಇಂಗುತ್ತದೆ. ನೆನಪಿದೆಯಲ್ಲ, ಈ ಕಲ್ಲು ತೂತು ತೂತು. ಮೇಲೆ ಚೆಲ್ಲಿದ್ದು ಕೆಳಗೆ ಇಳಿಯದೆ ಇರುವುದಿಲ್ಲ.

ಮತ್ತೊಂದು ಅಪಾಯ ನಿಮಗೆ ಆಶ್ಚರ್ಯ ತರಬಹುದು. ರೈಲು ಕೃಷ್ಣಾ ನದಿಯ ಸೇತುವೆ ದಾಟುವಾಗ ಕಿಟಕಿಯಿಂದ ನಾಣ್ಯ ಎಸೆಯುವುದನ್ನು ನೋಡಿದ್ದೀರಾ? ಗುಹೆಯ ಕೊಳಗಳಿಗೂ ಪ್ರವಾಸಿಗಳು ನಾಣ್ಯ ಎಸೆಯುತ್ತಾರೆ. ಉಪ್ಪುನೀರಿನಲ್ಲಿ ತಾಮ್ರದ ನಾಣ್ಯ ನಿಧಾನವಾಗಿ ಕರಗುತ್ತದೆ. ಹರಿಯುವ ಹೊಳೆಯಲ್ಲಾದರೆ ಅದು ಕೊಚ್ಚಿಹೋಗುತ್ತದೆ, ಗುಹೆಯ ನಿಂತ ನೀರಿನಲ್ಲಿ ಉಳಿಯುತ್ತದೆ. ಮಿಕ್ಟೊಕ್ಯಾರಿಸ್‌ನಂಥ ಜೀವಿಗಳಿಗೆ ಹೆಚ್ಚಿನ ತಾಮ್ರ ವಿಷ. ಒಳ್ಳೆಯದಾಗಲಿ ಎಂದು ಹಾಕಿದ ಕಾಸು ಕೆಳಗಿನವರ ಪ್ರಾಣಕ್ಕೆ ಬರುತ್ತದೆ.

ಕಲ್ಲನ್ನು ಮುಟ್ಟಬೇಡಿ ಎಂದು ಪ್ರದರ್ಶನದ ಗುಹೆಗಳಲ್ಲಿ ಹೇಳುವುದಕ್ಕೂ ಕಾರಣವಿದೆ. ಕೈಯ ಎಣ್ಣೆಪಸೆ ಕಲ್ಲಿಗೆ ಅಂಟಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಬಹಳ ಜನ ಮುಟ್ಟಿದ ಕಲ್ಲು ಮಂಕಾಗಿ ಕಪ್ಪಾಗುತ್ತದೆ. ವಿದ್ಯುದ್ದೀಪ ಹೆಚ್ಚು ಹೊತ್ತು ಉರಿದರೆ ಅದರ ಸುತ್ತ ಹಸಿರು ಪಾಚಿ ಹಿಡಿಯುತ್ತದೆ. ಆಂಧ್ರಪ್ರದೇಶದ ಬೇಲಂ ಗುಹೆಗಳೂ ಸುಣ್ಣಕಲ್ಲಿನವೇ, ನಮ್ಮ ಬಳ್ಳಾರಿಯಿಂದ ಹೆಚ್ಚು ದೂರವಿಲ್ಲ. ಶಾಲೆಯ ಪ್ರವಾಸದಲ್ಲಿ ಅಲ್ಲಿಗೆ ಹೋದರೆ ದೀಪದ ಹತ್ತಿರದ ಕಲ್ಲನ್ನೂ ದೂರದ ಕಲ್ಲನ್ನೂ ಹೋಲಿಸಿ, ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ.

ಒಂದು ಲೆಕ್ಕ

ತೇಲುವ ಸೇತುವೆಯ ಮೇಲೆ ನಿಂತೇ ಈ ಲೆಕ್ಕ ಮಾಡೋಣ. ಒಂದು ಸ್ಟಾಲಕ್ಟೈಟಿನ ತುದಿ, ಕೊಳದ ನೀರು ಪೂರ್ತಿ ಉಬ್ಬರದಲ್ಲಿದ್ದಾಗ, ನೀರಿಗಿಂತ 8.2 ಸೆಂಟಿಮೀಟರ್ ಮೇಲಿದೆ ಎಂದುಕೊಳ್ಳಿ. ಅದು ವರ್ಷಕ್ಕೆ 0.1 ಮಿಲಿಮೀಟರ್ ಕೆಳಗೆ ಬೆಳೆಯುತ್ತದೆ. ಸಮುದ್ರ ಇದ್ದಲ್ಲೇ ಇದ್ದರೆ ತುದಿ ನೀರನ್ನು ಮುಟ್ಟಲು 820 ವರ್ಷ ಹಿಡಿಯುತ್ತದೆ.

ಆದರೆ ಸಮುದ್ರ ಇದ್ದಲ್ಲೇ ಇಲ್ಲ. ಕಲ್ಲಿದ್ದಲು, ಪೆಟ್ರೋಲು ಸುಟ್ಟು ನಾವು ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಿಂದ ಭೂಮಿ ಬಿಸಿಯಾಗುತ್ತಿದೆ, ಮಂಜು ಕರಗುತ್ತಿದೆ, ಬಿಸಿಯಾದ ನೀರು ಹಿಗ್ಗುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಜಗತ್ತಿನ ಸಮುದ್ರಮಟ್ಟ ಸರಾಸರಿ ವರ್ಷಕ್ಕೆ ಸುಮಾರು 4 ಮಿಲಿಮೀಟರ್ ಏರುತ್ತಿದೆ. ಕೊಳದ ನೀರೂ ಇದೇ ವೇಗದಲ್ಲಿ ಏರಿದರೆ, ಮೇಲಿನಿಂದ ಕಲ್ಲು ಇಳಿಯುತ್ತದೆ, ಕೆಳಗಿನಿಂದ ನೀರು ಹತ್ತುತ್ತದೆ. ಇವೆರಡೂ ಮುಟ್ಟಿದ ದಿನ ಆ ತುದಿಯ ಬೆಳವಣಿಗೆ ನಿಲ್ಲುತ್ತದೆ. ಅದಕ್ಕೆ ಎಷ್ಟು ವರ್ಷ ಬೇಕು? ಆಗ ನಿಮ್ಮ ವಯಸ್ಸು ಎಷ್ಟಾಗಿರುತ್ತದೆ? ಎರಡನ್ನೂ ಲೆಕ್ಕ ಮಾಡಿ ಶಿಕ್ಷಕರಿಗೆ ತೋರಿಸಿ.